ಸಹಿ ಮೇಡಂ ಕಟ್ಟಿಸಿದ ಸೀನುವ ಹಲಗೆ

ನನ್ನ ಅತ್ತೆಗೆ ಆಫೀಸಿನಲ್ಲಿ ಸಹಿ ಮೇಡಂ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಾರೆ, ನಾನೂ ಸೇರಿ. ನಾವಿಬ್ಬರೂ ಒಂದೇ ಕಡೆ ಕೆಲಸ ಮಾಡುತ್ತೇವೆ. ಅವರು ಲೆಕ್ಕ ನೋಡುತ್ತಾರೆ, ನಾನು ಪ್ರೋಗ್ರಾಂ ಬರೆಯುತ್ತೇನೆ. ಬೆಳಗ್ಗೆ ಒಂದೇ ಬಸ್ಸಿನಲ್ಲಿ ಹೋಗಿ ಸಂಜೆ ಒಂದೇ ಬಸ್ಸಿನಲ್ಲಿ ಬರುತ್ತೇವೆ. ನಡುವಿನ ಎಂಟು ಗಂಟೆ ಒಂದು ಗಾಜಿನ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು. ಇದನ್ನು ಕೇಳಿದ ನನ್ನ ಗೆಳತಿಯರು ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಯಾರು ಎಂದು ಅವರು ಒಂದು ದಿನ ಬಂದು ನೋಡಬೇಕು.

ಅತ್ತೆಗೆ ಐವತ್ತೇಳು ವರ್ಷ, ನನ್ನ ಭುಜದಷ್ಟು ಎತ್ತರ. ತುರುಬಿಗೆ ಒಂದು ಪೆನ್ಸಿಲು ಚುಚ್ಚಿಕೊಂಡಿರುತ್ತಾರೆ, ಕೆಲವೊಮ್ಮೆ ಎರಡು, ಮೊದಲನೆಯದು ಕಳೆದುಹೋಯಿತು ಎಂದುಕೊಂಡು ಇನ್ನೊಂದನ್ನು ಚುಚ್ಚಿಕೊಂಡದ್ದು. ಒಬ್ಬರ ಕಣ್ಣನ್ನು ಅವರು ನಂಬುವುದಿಲ್ಲ. ಮನೆಯಲ್ಲಿ ಗ್ಯಾಸ್ ಆರಿಸಿದ್ದೇನೆ ಎಂದು ನಾನು ಹೇಳಿದರೆ ಸಾಲದು, ನನ್ನ ಗಂಡನೂ ಹೋಗಿ ನೋಡಿ ಬಂದು ಹೌದು ಎನ್ನಬೇಕು. ಆಮೇಲೆ ಮಾವನನ್ನು ಕಳಿಸುತ್ತಾರೆ. ಬಸ್ಸು ಎಷ್ಟೋ ಸಲ ತಪ್ಪಿದೆ.

ಈ ಚಾಳಿಗೆ ಒಂದು ಚರಿತ್ರೆಯಿದೆ. ಇವತ್ತು ನಮ್ಮ ಆಫೀಸು ಇರುವ ಕಟ್ಟಡ ಹಿಂದೆ ಟೋಕನ್ ಪುಸ್ತಕ ಅಚ್ಚು ಹಾಕುವ ಪ್ರೆಸ್ಸಾಗಿತ್ತು. ಡಾಕ್ಟರ ಬಾಗಿಲಲ್ಲಿ, ಕ್ಷೌರದಂಗಡಿಯಲ್ಲಿ, ಕನ್ನಡಕದ ಅಂಗಡಿಯಲ್ಲಿ ಕೈಗೆ ಕೊಡುತ್ತಾರಲ್ಲ, ಒಂದರಿಂದ ನೂರರವರೆಗಿನ ಹರಿದು ಕೊಡುವ ಚೀಟಿ, ಅದು. ಅತ್ತೆ ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಅಲ್ಲಿ ಸೇರಿದ್ದು ಪುಸ್ತಕ ತಿರುವಿ ಅಂಕಿ ಸರಿಯಾಗಿದೆಯೇ ಎಂದು ನೋಡುವ ಕೆಲಸಕ್ಕೆ. ಸೇರಿದ ಎರಡನೇ ತಿಂಗಳಲ್ಲಿ ಯಾರೋ ನೋಡಿದ್ದೇನೆ ಎಂದು ಬಾಯಲ್ಲಿ ಹೇಳಿದ ಒಂದು ಕಂತಿನಲ್ಲಿ ನಲವತ್ತೇಳು ಎರಡು ಸಲ ಅಚ್ಚಾಯಿತು. ಹಲ್ಲಿನ ಡಾಕ್ಟರ ಕೋಣೆಗೆ ಇಬ್ಬರು ನಲವತ್ತೇಳನೆಯವರು ಒಟ್ಟಿಗೆ ನುಗ್ಗಿ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತರಂತೆ. ಹಲ್ಲು ಕೀಳಿಸಿಕೊಳ್ಳಲು ನಾನು ಮೊದಲು ತಾನು ಮೊದಲು ಎಂದು ಜನ ಜಗಳವಾಡಿದ್ದು ಅದೊಂದೇ ಸಲವಿರಬೇಕು. ಅಂದಿನಿಂದ ಅತ್ತೆ ಒಂದು ಪದ್ಧತಿ ತಂದರು. ಯಾವ ಪುಸ್ತಕವಾದರೂ ಹೊರಗೆ ಹೋಗುವ ಮುಂಚೆ ಪ್ರೆಸ್ಸಿನ ಪ್ರತಿಯೊಬ್ಬರೂ ಅದನ್ನು ತಿರುವಿ, ರಿಜಿಸ್ಟರಿನಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕಬೇಕು. ಕಸ ಗುಡಿಸುವವಳೂ ಹಾಕಬೇಕು. ಹಾಗೆ ಬಂದ ಹೆಸರು ಸಹಿ ಮೇಡಂ.

ಹಳೇ ಯಜಮಾನರು ಹೋದ ಮೇಲೆ ಮಗ ಬಂದರು, ಚೀಟಿ ಹೋಗಿ ಫೋನು ಬಂತು. ಈಗ ನಾವು ಮಾಡುವುದು ಅದೇ ಸರದಿ, ಕಾಗದವಿಲ್ಲದೆ. ಜನ ಮನೆಯಲ್ಲೇ ಕೂತು ಫೋನಿನಲ್ಲಿ ನೋಡುತ್ತಾರೆ: ಒಳಗಿರುವುದು ಹದಿನಾಲ್ಕನೇ ನಂಬರು, ನಿಮ್ಮದು ಇಪ್ಪತ್ತು. ಫೋನು ಮತ್ತೆ ಮತ್ತೆ ‘ಬಂತಾ, ಬಂತಾ’ ಎಂದು ಕೇಳುವುದಿಲ್ಲ. ಒಮ್ಮೆ ನಮ್ಮ ಸರ್ವರ್ ಕಂಪ್ಯೂಟರಿಗೆ ಲೈನು ಹಾಕಿಕೊಂಡು, ಫೋನು ಇಡದೆ ಮಾತಾಡುವವರ ಹಾಗೆ, ಆ ಲೈನನ್ನು ತೆರೆದೇ ಇಟ್ಟಿರುತ್ತದೆ. ಒಳಗೆ ನಂಬರು ಬದಲಾದ ಕೂಡಲೇ ಎಲ್ಲರ ಫೋನಿನಲ್ಲೂ ಬದಲಾಗುತ್ತದೆ. ಈ ಸರ್ವರ್ ನಮ್ಮ ಸ್ವಂತದ್ದಲ್ಲ. ಯಾರದೋ ದೊಡ್ಡ ಕಂಪನಿಯ ಕಂಪ್ಯೂಟರುಗಳಲ್ಲಿ ನಾವು ಬಾಡಿಗೆಗಿದ್ದೇವೆ, ಅದಕ್ಕೆ ಕ್ಲೌಡ್ ಎಂದು ದೊಡ್ಡ ಹೆಸರು. ಬಾಡಿಗೆ ಮಾತ್ರ ಮನೆ ಬಾಡಿಗೆಯ ಹಾಗೆ ತಿಂಗಳಿಗೆ ಇಷ್ಟು ಅಂತಲ್ಲ. ಎಷ್ಟು ಸಲ ಬಾಗಿಲು ತೆಗೆದಿರಿ, ಎಷ್ಟು ಹೊತ್ತು ಫ್ಯಾನು ಹಾಕಿದಿರಿ ಎಂದು ಲೆಕ್ಕ ಹಾಕಿ ತಿಂಗಳು ಮುಗಿದ ಮೇಲೆ ಬಿಲ್ಲು ಕೈಗೆ ಕೊಡುತ್ತಾರೆ.

ಆ ತಿಂಗಳು ಕೈಗೆ ಕೊಟ್ಟದ್ದು ಎಂದಿನದರ ಎರಡರಷ್ಟಿತ್ತು.

ಯಜಮಾನರು ನಮ್ಮೆಲ್ಲರನ್ನೂ ಕರೆದರು. ಎಲ್ಲರೂ ಎಂದರೆ ಐದು ಜನ: ಅವರು, ಅತ್ತೆ, ನಾನು, ಗಿರಾಕಿಗಳ ಕರೆ ತೆಗೆದುಕೊಳ್ಳುವ ಫೋನಣ್ಣ, ಕ್ಲಿನಿಕ್ಕುಗಳಿಗೆ ಅಲೆಯುವ ಸೇಲ್ಸಿನವಳು. ಯಜಮಾನರು ಚಿಕ್ಕವರಿದ್ದಾಗ ಇದೇ ಪ್ರೆಸ್ಸಿನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದರು, ಅತ್ತೆ ಅದಕ್ಕೂ ‘ನೋಡಿದೆ’ ಬರೆಯುತ್ತಿದ್ದರು. ಆದ್ದರಿಂದ ಮಾಮೂಲಿ ದಿನ ಅವರು ಅಕ್ಕ ಎನ್ನುತ್ತಾರೆ, ಕೋಪ ಬಂದ ದಿನ ಮೇಡಂ.

“ಮೇಡಂ, ತಿಂಗಳೆಲ್ಲ ಸೋರಿಹೋದದ್ದು ತಿಂಗಳು ಮುಗಿದ ಮೇಲೆ ನಮಗೆ ಗೊತ್ತಾಗ್ತಾ ಇದೆ. ಲೆಕ್ಕದ ಕೆಲಸ ಹೊರಗಿನ ಕಂಪನಿಗೆ ಕೊಟ್ಟುಬಿಡೋಣ ಅಂತಿದೀನಿ. ಅವರು ದಿನಾ ಗ್ರಾಫ್ ಕಳಿಸ್ತಾರಂತೆ.”

ಅತ್ತೆ ತುರುಬಿನಿಂದ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಚುಚ್ಚಿದರು. “ದಿನಕ್ಕೊಂದು ಸಲ ಯಾಕೆ? ಆ ಕ್ಷಣಕ್ಕೆ ಗೊತ್ತಾಗೋ ಹಾಗೆ ಮಾಡಿಕೊಡ್ತೀನಿ. ನೀವು ಖರ್ಚಿಗೆ ಇಷ್ಟೇ ಅಂತ ಒಂದು ಗೆರೆ ಹಾಕಿ. ಬರೋ ತಿಂಗಳ ಬಿಲ್ಲು ಆ ಗೆರೆ ದಾಟಿದ್ರೆ ಲೆಕ್ಕದ ಕುರ್ಚಿ ನಾನೇ ಬಿಡ್ತೀನಿ.”

“ಮಾತು ಮಾತೇ?”

“ಬೇಕಿದ್ರೆ ಬರೆದುಕೊಡ್ತೀನಿ.”

ಬರೆದೂ ಕೊಟ್ಟರು. ಮಾಡಿಕೊಡ್ತೀನಿ ಎಂದರೆ ಸೊಸೆ ಮಾಡಿಕೊಡುತ್ತಾಳೆ ಎಂದರ್ಥ, ಇದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೆ ಮೈ ಉರಿದುಹೋಯಿತು. ಸಂಜೆ ಬಸ್ಸಿನಲ್ಲಿ ಮೂರು ಸ್ಟಾಪು ಮಾತಾಡದೆ ಕೂತಿದ್ದೆ. ನಾಲ್ಕನೆಯದರಲ್ಲಿ ತಡೆಯಲಾಗಲಿಲ್ಲ.

“ಅತ್ತೆ, ಕುರ್ಚಿ ಯಾಕೆ ಒತ್ತೆ ಇಟ್ಟಿರಿ? ಸುಮ್ಮನೆ ನೋಡೋಣ ಅಂದಿದ್ರೆ ಆಗ್ತಿರಲಿಲ್ವಾ?”

“ಕುರ್ಚಿ ಹೋದ್ರೆ ಇಪ್ಪತ್ನಾಲ್ಕು ಗಂಟೆ ನಿಮ್ಮ ಮಾವನ ಜೊತೆ ಮನೇಲಿರಬೇಕು. ಇಬ್ಬರಲ್ಲಿ ಒಬ್ಬರು ಉಳಿಯಲ್ಲ. ಆ ಭಯಕ್ಕಾದ್ರೂ ಕೆಲಸ ನೆಟ್ಟಗೆ ನಡೆಯುತ್ತೆ.” ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದರು. “ಅಂಕಿ ನೋಡೋದು ಬಿಟ್ಟು ನನಗೆ ಬೇರೇನೂ ಬರಲ್ಲ ಕಣೇ. ಅದನ್ನೂ ಬೇರೆಯವರು ಚೆನ್ನಾಗಿ ಮಾಡ್ತಾರೆ ಅಂದ್ರೆ ನಾನು ಏನು ಅಂತ ಇರಲಿ?”

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಮಾರನೇ ದಿನವೇ ಕೆಲಸಕ್ಕೆ ಕೂತೆವು.

ಕ್ಲೌಡಿನವರದ್ದೇ ಒಂದು ಎಚ್ಚರಿಕೆ ವ್ಯವಸ್ಥೆ ಮೊದಲೇ ಇತ್ತು. ಗೆರೆಯ ಹತ್ತಿರ ಬಂದರೆ ಮೇಲ್ ಕಳಿಸುತ್ತದೆ. ಹೋದ ತಿಂಗಳೂ ಕಳಿಸಿತ್ತು, ಯಜಮಾನರು ಆರು ವರ್ಷದ ಹಿಂದೆ ಬಿಟ್ಟುಬಿಟ್ಟ ವಿಳಾಸಕ್ಕೆ, ಅದೂ ಒಂದು ದಿನ ತಡವಾಗಿ. ಹಾಲು ಉಕ್ಕಿ ಒಲೆಯೆಲ್ಲ ಆದ ಮೇಲೆ ಪೋಸ್ಟಿನಲ್ಲಿ ಕಾಗದ ಹಾಕಿದ ಹಾಗೆ ಎಂದರು ಅತ್ತೆ. ನಂಬರು ತಿಳಿಯಲು ಜನರ ಫೋನಿಗೆ ತೆರೆದ ಲೈನು ಕೊಟ್ಟಿದ್ದೇವಲ್ಲ, ಅಂಥದ್ದೇ ಒಂದು ಲೈನು ಖರ್ಚಿಗೂ ಯಾಕಿರಬಾರದು ಎಂದು ಕೇಳಿದರು. ನಾನು ಪ್ರೋಗ್ರಾಂ ಬರೆಯುವವಳು. ಈ ಯೋಚನೆ ನನಗೆ ಬರಬೇಕಿತ್ತು. ಬಂದಿರಲಿಲ್ಲ, ಅದಕ್ಕೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಅವರು ತಮಗೆ ಏನು ಬೇಕು ಎಂದು ಬರೆದುಕೊಟ್ಟರು. ಎಲ್ಲರ ಪರದೆಯ ಮೇಲೆ ಒಂದು ಹಲಗೆ ಇರಬೇಕು, ಗೆರೆಯ ಶೇಕಡಾ ಎಷ್ಟು ಖರ್ಚಾಯಿತು ಎಂದು ತೋರಿಸಬೇಕು. ಪ್ರತಿ ಐದಕ್ಕೆ ಶಬ್ದ ಬರಬೇಕು, ಐದಾದಾಗ, ಹತ್ತಾದಾಗ, ಹದಿನೈದಾದಾಗ. ಹಲಗೆ ತೆರೆದಿರುವ ಪ್ರತಿಯೊಬ್ಬರೂ ‘ನೋಡಿದೆ’ ಎಂಬ ಗುಂಡಿ ಒತ್ತಬೇಕು. ಕೊನೆಯವರು ಒತ್ತುವವರೆಗೂ ಶಬ್ದ ನಿಲ್ಲಬಾರದು. ಯಾರು ಒತ್ತಿದರು ಯಾರು ಒತ್ತಲಿಲ್ಲ ಎಂದು ಎಲ್ಲರಿಗೂ ಕಾಣಬೇಕು. ಮತ್ತೆ, ಇದು ದಪ್ಪ ಅಕ್ಷರದಲ್ಲಿತ್ತು, ಯಾರು ಒತ್ತಿದರೂ ಆ ಕ್ಷಣ ಎಲ್ಲ ಹಲಗೆಗಳೂ ಹೊಸ ಅಂಕಿ ತಂದು ತೋರಿಸಬೇಕು, ಹಳೇ ಅಂಕಿಗೆ ಸಹಿ ಹಾಕುವುದು ಮಹಾಪಾಪ.

ಪ್ರೆಸ್ಸಿನ ರಿಜಿಸ್ಟರು ಯಥಾವತ್ತಾಗಿ ಕಂಪ್ಯೂಟರಿಗೆ ಏರಿತು. ಮೂರು ದಿನದಲ್ಲಿ ಬರೆದು ಮುಗಿಸಿದೆ. ಉಳಿದದ್ದು ಶಬ್ದ.

ಗಂಟೆ ಹಾಕಿದೆ, ಬಸ್ಸಿನದ್ದು ಅಂದುಕೊಂಡು ಯಾರೂ ತಲೆಯೆತ್ತಲಿಲ್ಲ. ಸೈರನ್ ಹಾಕಿದೆ, ಫೋನಣ್ಣನ ಎದೆ ಹಾರಿತು. ಆಗ ಅತ್ತೆ, “ನಿಮ್ಮ ಮಾವನ ಸೀನು ಹಾಕು” ಎಂದರು.

ಮಾವನ ಸೀನಿನ ವಿಚಾರ ಹೇಳಬೇಕು. ಅವರು ನಿವೃತ್ತ ಬಸ್ ಡ್ರೈವರ್, ಮೆತ್ತಗಿನ ಮನುಷ್ಯ, ಸೀನು ಮಾತ್ರ ಲಾರಿಯದ್ದು. ಅವರು ಸೀನಿದರೆ ಮೇಲಿನ ಮಹಡಿಯವರು ಕಿಟಕಿ ತೆಗೆದು ನೋಡುತ್ತಾರೆ. ನಮ್ಮ ಮದುವೆಯ ವಿಡಿಯೋದಲ್ಲಿ ಮುಖ್ಯವಾದ ಒಂದು ಕ್ಷಣಕ್ಕೆ ಕ್ಯಾಮೆರಾ ಅಲ್ಲಾಡಿಹೋಗಿದೆ, ಕಾರಣ ಅದೇ. ಆದರೆ ಬೇಕು ಎಂದಾಗ ಸೀನು ಬರಬೇಕಲ್ಲ. ಭಾನುವಾರ ಮಧ್ಯಾಹ್ನ ಅವರನ್ನು ಸೋಫಾದ ಮೇಲೆ ಕೂರಿಸಿ, ನನ್ನ ಗಂಡ ಫೋನು ಹಿಡಿದು ನಿಂತ. ಮೆಣಸಿನ ಪುಡಿ ಮೂಸಿಸಿದೆವು. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಹಳೇ ದಿಂಬಿನ ಧೂಳು ಕೊಡವಿದೆವು. ನನಗೆ ಬಂತು, ನನ್ನ ಗಂಡನಿಗೆ ಬಂತು, ಅವರಿಗೆ ಬರಲಿಲ್ಲ. “ಹೀಗೆ ಎಲ್ಲರೂ ನೋಡ್ತಾ ಕೂತ್ರೆ ನಾಚಿಕೆ ಆಗುತ್ತಪ್ಪ” ಎಂದರು ಮಾವ. ಮುಖ ತಿರುಗಿಸಿ ಕೂತೆವು. ಆಗಲೂ ಇಲ್ಲ. ಕೊನೆಗೆ ಬೇಸತ್ತು ಎಲ್ಲರೂ ಏಳುವಾಗ ಅತ್ತೆ, “ಬಿಡಿ, ಒಂದು ಸೀನಿಗೂ ಆಗಿಬರಲಿಲ್ಲ ಈ ಮನುಷ್ಯ” ಎಂದರು ನೋಡಿ. ಅವಮಾನಕ್ಕೋ ಮೆಣಸಿಗೋ, ಮೂರು ಸೀನು ಒಂದರ ಮೇಲೊಂದು ಬಂದವು. ನನ್ನ ಗಂಡನ ಕೈಯಿಂದ ಫೋನು ಬಿದ್ದರೂ ರೆಕಾರ್ಡ್ ಆಗಿತ್ತು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕೆವು. ಮಾವ ಸಂಜೆಯವರೆಗೂ ಎದೆಯುಬ್ಬಿಸಿಕೊಂಡು ಓಡಾಡಿದರು.

ಸೀನುವ ಹಲಗೆ ಮೊದಲ ಸಲ ಸೀನಿದ್ದು ಮುಂದಿನ ತಿಂಗಳ ಎರಡನೇ ತಾರೀಖು ಬೆಳಗ್ಗೆ, ಶೇಕಡಾ ಐದಕ್ಕೆ. ಐದು ಮೇಜುಗಳ ಮೇಲೆ ಐದು ಮಾವಂದಿರು ಒಟ್ಟಿಗೆ ಸೀನಿದರು. ಅತ್ತೆ ಮೊದಲು ಒತ್ತಿದರು, ಆಮೇಲೆ ನಾವು. ಐದೂ ಹೆಸರಿನ ಮುಂದೆ ‘ನೋಡಿದೆ’ ಬಂದಾಗ ಅತ್ತೆಯ ಮುಖ ನೋಡಬೇಕಿತ್ತು. ಪ್ರೆಸ್ಸಿನಲ್ಲಿ ಐದು ಸಹಿ ಸಂಗ್ರಹಿಸಲು ಅರ್ಧ ದಿನ ಹಿಡಿಯುತ್ತಿತ್ತು, ಇಲ್ಲಿ ಒಂಬತ್ತು ಸೆಕೆಂಡು.

ಶೇಕಡಾ ಹತ್ತಕ್ಕೆ ಸೀನಿದಾಗ ನಾನೇ ಸಿಕ್ಕಿಬಿದ್ದೆ. ಪರೀಕ್ಷೆಗೆ ಎಂದು ಚಾಲೂ ಮಾಡಿದ್ದ ಒಂದು ಯಂತ್ರವನ್ನು ಎರಡು ತಿಂಗಳಿಂದ ಆರಿಸಿರಲಿಲ್ಲ. ಹೋದ ತಿಂಗಳು ಬಿಲ್ಲು ಉಬ್ಬಿದ್ದಕ್ಕೆ ಅರ್ಧ ಕಾರಣ ಅದೇ. ಅತ್ತೆ ಗಾಜಿನ ಗೋಡೆಯ ಆಚೆಯಿಂದ ನನ್ನ ಕಡೆ ಬರೀ ನೋಡಿದರು. ಮನೆಯಲ್ಲಿ ಗ್ಯಾಸ್ ಆರಿಸಿದ್ದೀಯಾ ಎಂದು ಮೂರು ಜನರನ್ನು ಕಳಿಸುವ ಹಕ್ಕು ಅವರಿಗೆ ಇನ್ನು ಹತ್ತು ವರ್ಷಕ್ಕೆ ಖಾಯಂ ಆಯಿತು.

ಆಮೇಲೆ ನಮಗೆಲ್ಲ ಹುಚ್ಚು ಹಿಡಿಯಿತು. ಖರ್ಚು ಕಮ್ಮಿಯಾಗುವುದನ್ನು ಕಣ್ಣೆದುರು ನೋಡುವುದರಲ್ಲಿ ಎಂಥ ಸುಖವಿದೆ ಎಂದು ಯಾರಿಗೆ ಗೊತ್ತಿತ್ತು. ಮಾವ ಮನೆಯ ಟೀವಿಗೆ ಹಲಗೆ ಹಾಕಿಸಿಕೊಂಡರು. ಕ್ರಿಕೆಟ್ಟಿಗಿಂತ ವಾಸಿ, ನಡುವೆ ಜಾಹೀರಾತಿಲ್ಲ ಎಂದರು. ತಮ್ಮದೇ ಸೀನು ಕೇಳಿ ಬೆಚ್ಚಿಬಿದ್ದು, ಆಮೇಲೆ ಭಕ್ತಿಯಿಂದ ಗುಂಡಿ ಒತ್ತುತ್ತಿದ್ದರು. ಯಜಮಾನರ ಹೆಂಡತಿ ಹಾಕಿಸಿಕೊಂಡರು. ಸೇಲ್ಸಿನವಳು ಕ್ಲಿನಿಕ್ಕುಗಳ ರಿಸೆಪ್ಷನ್ನಿನವರಿಗೆಲ್ಲ ತೋರಿಸಿದಳು, ಅವರೂ ಹಾಕಿಸಿಕೊಂಡರು. ಹೊಸಬರು ಸೇರಿದಾಗಲೆಲ್ಲ ಅತ್ತೆಗೆ ಖುಷಿಯೋ ಖುಷಿ, ಇನ್ನೊಂದು ಜೋಡಿ ಕಣ್ಣು ಬಂತಲ್ಲ ಎಂದು. ಇಪ್ಪತ್ತನೇ ತಾರೀಖಿಗೆ ಖರ್ಚು ಶೇಕಡಾ ಅರವತ್ತು. ಇದೇ ನಡಿಗೆಯಲ್ಲಿ ಹೋದರೆ ತಿಂಗಳ ಕೊನೆಗೆ ತೊಂಬತ್ತು. ಅತ್ತೆ ಬಸ್ಸಿನಲ್ಲಿ ಹಾಡು ಗುನುಗುತ್ತಿದ್ದರು. ಅವರಿಗೆ ಹಾಡು ಬರುವುದಿಲ್ಲ, ಆದರೂ ಯಾರೂ ಬೇಡ ಎನ್ನಲಿಲ್ಲ.

ಇಪ್ಪತ್ತನಾಲ್ಕರ ಭಾನುವಾರ ಫೋನಣ್ಣನ ಮನೆಗೆ ನೆಂಟರು ಬಂದಿದ್ದರು. ಹೋಗುವಾಗ ಪ್ರತಿಯೊಬ್ಬರ ಫೋನಿಗೂ ಹಲಗೆ ಹಾಕಿ ಕಳಿಸಿದ್ದ. ಸೋಮವಾರ ಬೆಳಗ್ಗೆ ಹಲಗೆಗಳು ನಲವತ್ತೊಂದು.

ಹತ್ತೂ ಮುಕ್ಕಾಲಿಗೆ ಎಪ್ಪತ್ತೈದರ ಸೀನು ಬಂತು. ನಾವು ಒತ್ತಿದೆವು. ನೆಂಟರಲ್ಲಿ ಕೆಲವರು ಗಾಬರಿಯಾಗಿ ಫೋನು ಎಸೆದು, ಆಮೇಲೆ ಎತ್ತಿಕೊಂಡು ಒತ್ತಿದರು. ಎಲ್ಲರೂ ಒತ್ತಿ ಮುಗಿಸುವುದರೊಳಗೆ ಎಂಬತ್ತರ ಸೀನು ಬಂತು. ಒಂದೂವರೆ ದಿನದ ಖರ್ಚು ಎರಡು ನಿಮಿಷದಲ್ಲಿ ಹೇಗೆ ಹೋಯಿತು ಎಂದು ನಾನು ಪರದೆಯಲ್ಲಿ ತಡಕಾಡುತ್ತಿರುವಾಗ ಫೋನಣ್ಣ ಎಲ್ಲರಿಗೂ ಕರೆ ಮಾಡಲು ಶುರುಮಾಡಿದ. “ಬೇಗ ಒತ್ತಿ, ಎಲ್ಲರೂ ಒತ್ತಿ, ದುಡ್ಡು ಸೋರ್ತಾ ಇದೆ” ಎಂದು ಒಬ್ಬೊಬ್ಬರಿಗೂ ಹೇಳಿದ. ಜನ ಒತ್ತಿದರು. ಎಂಬತ್ತೈದು.

ಆಫೀಸೆಲ್ಲ ಸೀನು. ಯಜಮಾನರ ಕೋಣೆಯಿಂದ ಸೀನು, ಅವರ ಜೇಬಿನಿಂದ ಸೀನು. ಮಾವ ಮನೆಯಿಂದ ಕರೆ ಮಾಡಿದರು. ಹಿಂದೆ ಟೀವಿ ಸೀನುತ್ತಿತ್ತು, ಮುಂದೆ ಅವರೇ ಸೀನುತ್ತಿದ್ದರು, ಒಂದು ಸೀನು ಇನ್ನೊಂದನ್ನು ಕರೆಯುತ್ತದಲ್ಲ.

“ನಾನು ಒತ್ತಿದೀನಿ ಕಣಮ್ಮ. ಅನುಮಾನ ಬೇಡ ಅಂತ ನಾಲ್ಕು ನಾಲ್ಕು ಸಲ ಒತ್ತಿದೀನಿ.”

ನನಗೆ ನಗು ಬರುತ್ತಿತ್ತು, ಭಯವೂ ಆಗುತ್ತಿತ್ತು. ಯಾರೋ ನಮ್ಮ ಖಾತೆಗೆ ಕನ್ನ ಹಾಕಿದ್ದಾರೆ ಎಂದೇ ಅಂದುಕೊಂಡೆ. ಆಗ ಅತ್ತೆ ನನ್ನ ಬೆನ್ನ ಹಿಂದೆ ಬಂದು ನಿಂತರು. ಅವರು ಪರದೆಯ ಮೇಲಿನ ಗದ್ದಲ ನೋಡುತ್ತಿರಲಿಲ್ಲ, ಅಂಕಿ ಮಾತ್ರ ನೋಡುತ್ತಿದ್ದರು.

“ಪ್ರತಿ ಸಲ ಒಂದೇ ಅಳತೆ ಏರ್ತಾ ಇದೆ ನೋಡು. ಜನರ ಓಡಾಟಕ್ಕೆ ಹೀಗೆ ಏರಲ್ಲ, ಹೆಚ್ಚುಕಮ್ಮಿ ಇರುತ್ತೆ. ಇದು ನಾವು ಮಾಡಿದ್ದೇ.” ಪೆನ್ಸಿಲಿನಿಂದ ಪರದೆ ಮುಟ್ಟಿದರು. “ಯಾರಾದ್ರೂ ಒತ್ತಿದಾಗ ಮಾತ್ರ ಏರುತ್ತೆ. ಒತ್ತಿದಾಗ ನೀನು ಏನು ಮಾಡಿಸ್ತೀಯ?”

“ಎಲ್ಲ ಹಲಗೆಗಳೂ ಕ್ಲೌಡಿನವರನ್ನ ಹೊಸ ಅಂಕಿ ಕೇಳ್ತವೆ. ನೀವೇ ದಪ್ಪ ಅಕ್ಷರದಲ್ಲಿ…”

“ಕೇಳೋದಕ್ಕೆ ಅವರು ಏನಾದ್ರೂ ತಗೋತಾರಾ?”

ತಗೋತಾರೆ. ಎಷ್ಟಾಯಿತು ಎಂದು ಒಂದು ಸಲ ಕೇಳಿದರೆ ಒಂದು ಪುಡಿಗಾಸು. ಎಲ್ಲೋ ಸಣ್ಣ ಅಕ್ಷರದಲ್ಲಿತ್ತು, ಪುಡಿಗಾಸು ತಾನೇ ಎಂದು ದಾಟಿಕೊಂಡು ಹೋಗಿದ್ದೆ. ಹಲಗೆ ಐದಿದ್ದಾಗ ಒಂದು ಸೀನಿಗೆ ಐದೈದಲ ಇಪ್ಪತ್ತೈದು ಪ್ರಶ್ನೆ, ಯಾರಿಗೂ ಗೊತ್ತಾಗಲಿಲ್ಲ. ಈಗ ನಲವತ್ತೊಂದು ಜನ ಒತ್ತುತ್ತಿದ್ದರು, ಪ್ರತಿ ಸಲವೂ ನಲವತ್ತೊಂದು ಹಲಗೆಗಳು ಕೇಳುತ್ತಿದ್ದವು. ಅತ್ತೆ ಬಾಯಲ್ಲೇ ಗುಣಿಸಿದರು. “ಸಾವಿರದ ಆರುನೂರ ಎಂಬತ್ತೊಂದು. ನಿಮ್ಮ ಮಾವ ಹೆಚ್ಚಿಗೆ ಒತ್ತಿದ್ದು ಬಿಟ್ಟು.” ಅಷ್ಟು ಪುಡಿಗಾಸು ಕೂಡಿದರೆ ಗೆರೆಯ ಶೇಕಡಾ ಐದು, ಅಂದರೆ ಮುಂದಿನ ಸೀನು. ಎಷ್ಟು ಖರ್ಚಾಯಿತು ಎಂದು ಕೇಳಿ ಕೇಳಿಯೇ ನಾವು ಖರ್ಚು ಮಾಡುತ್ತಿದ್ದೆವು.

ತೊಂಬತ್ತು ಸೀನಿತು. ಅತ್ತೆ ಓಡಿಹೋಗಿ ಫೋನಣ್ಣನ ಕೈಯಿಂದ ರಿಸೀವರ್ ಕಿತ್ತುಕೊಂಡು, “ಯಾರೂ ಒತ್ತಬೇಡಿ. ದಮ್ಮಯ್ಯ, ಕೈ ಕಟ್ಟಿಕೊಂಡು ಕೂತುಕೊಳ್ಳಿ” ಎಂದರು. ಇಪ್ಪತ್ತೆಂಟು ವರ್ಷ ಸಹಿ ಹಾಕಿ ಎಂದು ಜನರ ಹಿಂದೆ ಬಿದ್ದ ಹೆಂಗಸು. ನಾನು ಹಲಗೆಯ ಲೈನನ್ನು ಬುಡದಲ್ಲೇ ಕತ್ತರಿಸಿದೆ. ನಲವತ್ತೊಂದು ಮಾವಂದಿರು ಒಮ್ಮೆಗೇ ಸುಮ್ಮನಾದರು. ಅಂಕಿ ತೊಂಬತ್ತೆರಡರಲ್ಲಿ ನಿಂತಿತು.

ಮೊದಲು ಯಜಮಾನರು ನಗತೊಡಗಿದರು, ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು, ನಾವೂ ನಕ್ಕೆವು. ಅತ್ತೆ ಎಲ್ಲರಿಗಿಂತ ಹೆಚ್ಚು ನಕ್ಕು, ಕಣ್ಣು ಒರೆಸಿಕೊಂಡು, ಇನ್ನು ಐದು ದಿನ ಎಂದರು. ಆಗ ನಗು ನಿಂತಿತು. ದಿನಕ್ಕೆ ಮೂರು ಹೋಗುವ ಕಡೆ ಉಳಿದಿದ್ದದ್ದು ಎಂಟು.

ಆ ಐದು ದಿನ ನಾವು ಮಾಡಿದ ಜಿಪುಣತನ ಹೇಳಿ ಪ್ರಯೋಜನವಿಲ್ಲ. ನಲವತ್ತು ಹಲಗೆ ಮುಚ್ಚಿ ಅತ್ತೆಯದ್ದೊಂದು ಉಳಿಸಿಕೊಂಡೆವು, ಅದೂ ಗಂಟೆಗೊಮ್ಮೆ ಮಾತ್ರ ಅಂಕಿ ಕೇಳುವ ಹಾಗೆ. ಕ್ಲಿನಿಕ್ಕುಗಳ ದೊಡ್ಡ ದೊಡ್ಡ ಚಿತ್ರಗಳನ್ನು ಚಿಕ್ಕದು ಮಾಡಿದೆ; ಹಲ್ಲಿನ ಡಾಕ್ಟರು ತಮ್ಮ ಫೋಟೋದಲ್ಲಿ ಹಲ್ಲೇ ಕಾಣುವುದಿಲ್ಲ ಎಂದು ಜಗಳಕ್ಕೆ ಬಂದರು. ಬಾಗಿಲು ಹಾಕಿದ ಕ್ಲಿನಿಕ್ಕಿನ ಲೈನನ್ನು ಆ ನಿಮಿಷವೇ ಮುಚ್ಚಿದೆ. ದಿನಕ್ಕೆ ಮೂರು ಇದ್ದದ್ದು ಒಂದೂವರೆಗೆ ಇಳಿಯಿತು. ಕೊನೆಯ ದಿನ ಬೆಳಗ್ಗೆ ತೊಂಬತ್ತೆಂಟು ಇತ್ತು. ಆಗಿಹೋಯಿತು, ದಡ ಸೇರಿದೆವು ಅಂದುಕೊಂಡೆ.

ಮಾರನೇ ದಿನದಿಂದ ಮೂರು ದಿನ ರಜೆ ಎಂಬುದು ನನಗೆ ಮರೆತೇಹೋಗಿತ್ತು. ರಜೆಗೆ ಮುಂಚೆ ತೋರಿಸಿಕೊಂಡುಬಿಡೋಣ ಎಂದು ಊರಿಗೆ ಊರೇ ಡಾಕ್ಟರ ಬಳಿ ಹೊರಟಿತ್ತು. ಮಧ್ಯಾಹ್ನ ಮೂರೂವರೆಗೆ ನಮ್ಮ ಲೈನಿನಲ್ಲಿ ಆರುನೂರ ಹನ್ನೆರಡು ಫೋನು. ಅಂಕಿ ತೊಂಬತ್ತೊಂಬತ್ತು.

ನಾನು ಗಾಜಿನ ಗೋಡೆ ದಾಟಿ ಹೋದೆ. “ಅತ್ತೆ, ಲೈನ್ ಆಫ್ ಮಾಡಿಬಿಡ್ತೀನಿ. ಇವತ್ತು ಸಂಜೆ ಒಂದಿಷ್ಟು ಹೊತ್ತು. ಜನ ಕ್ಲಿನಿಕ್ಕಿಗೆ ಹೋಗಿ ಕೂತುಕೊಳ್ತಾರೆ, ಹಿಂದೆಲ್ಲ ಕೂರ್ತಾ ಇರಲಿಲ್ವಾ? ನಾವು ಗೆರೆ ಒಳಗೆ ಉಳ್ಕೋತೀವಿ.”

ಅತ್ತೆ ಹೂಂ ಎನ್ನುವವರಿದ್ದರು, ನನಗೆ ಗೊತ್ತು, ಬಾಯಿ ತೆರೆದಿದ್ದರು. ಅಷ್ಟರಲ್ಲಿ ಫೋನಣ್ಣ ಸ್ಪೀಕರಿಗೆ ಹಾಕಿದ್ದ ಕರೆ ನಮ್ಮಿಬ್ಬರಿಗೂ ಕೇಳಿಸಿತು. ಮಕ್ಕಳ ಡಾಕ್ಟರ ಸಾಲಿನಲ್ಲಿದ್ದ ಒಬ್ಬ ತಾಯಿ. ಒಳಗಿರುವುದು ಅರವತ್ತೊಂದು, ತನ್ನದು ಎಂಬತ್ತೆಂಟು. ಮಗು ಈಗಷ್ಟೇ ಜ್ವರ ಇಳಿದು ಮಲಗಿದೆ, ಎಬ್ಬಿಸಲು ಮನಸ್ಸಿಲ್ಲ. ಫೋನಿನಲ್ಲಿ ಬರುವ ನಂಬರು ನಂಬಿಕೊಂಡು ಇನ್ನೊಂದು ಗಂಟೆ ಮನೆಯಲ್ಲೇ ಇರಬಹುದೇ ಎಂದು ಕೇಳುತ್ತಿದ್ದಳು. ಫೋನಣ್ಣ ಅತ್ತೆಯ ಮುಖ ನೋಡಿದ.

“ಇರಬಹುದು ಅಂತ ಹೇಳು” ಎಂದರು ಅತ್ತೆ.

“ಅತ್ತೆ, ನಿಮ್ಮ ಕುರ್ಚಿ.”

“ಕುರ್ಚಿ ನನ್ನದು. ಸಾಲು ಅವರದ್ದು. ನೀನು ಹೋಗಿ ಕೂತ್ಕೊ.”

ನನಗೆ ಅಳು ಬಂತು, ಸಿಟ್ಟೂ ಬಂತು. ಜಾಗಕ್ಕೆ ಹೋಗಿ ಕೂತೆ. ಲೈನು ಆರಿಸುವ ಗುಂಡಿ ನನ್ನ ಪರದೆಯ ಮೇಲೇ ಇತ್ತು, ಕೇಳದೆ ಒತ್ತಿಬಿಡಲೇ ಎಂದು ಎರಡು ಸಲ ಅನ್ನಿಸಿತು. ಒತ್ತಲಿಲ್ಲ. ಐದೂ ಹತ್ತಕ್ಕೆ ಗಾಜಿನ ಆಚೆ ಅತ್ತೆಯ ಹಲಗೆಯಲ್ಲಿ ಅಂಕಿ ನೂರು ದಾಟಿ, ಮಾವ ಒಂದೇ ಸಲ ಸೀನಿದರು. ಅತ್ತೆ ಗುಂಡಿ ಒತ್ತಿ, ಸೆರಗು ಸರಿಮಾಡಿಕೊಂಡು, ಯಜಮಾನರ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ, ಇವರು ಬಿಟ್ಟರೆ ನಾನೂ ಬಿಡುತ್ತೇನೆ ಎಂದು ಹೇಳಲು.

“ದಾಟ್ತು” ಎಂದರು ಅತ್ತೆ. “ಲೈನ್ ಆಫ್ ಮಾಡಬಹುದಿತ್ತು, ನಾನೇ ಬೇಡ ಅಂದೆ.”

ಯಜಮಾನರು ಮೇಜು ನೋಡುತ್ತ ಕೂತರು. “ಆ ಕಂಪನಿಗೆ ಮಾತು ಕೊಟ್ಟಾಗಿದೆ ಅಕ್ಕ. ಒಂದನೇ ತಾರೀಖಿಂದ ಲೆಕ್ಕ ಅವರದ್ದು.”

“ಗೊತ್ತು. ಅದಕ್ಕೇ ಎರಡು ಹಾಳೆ ತಂದಿದೀನಿ. ಇದು ರಾಜೀನಾಮೆ. ಇದು ಅರ್ಜಿ.”

“ಯಾವ ಕೆಲಸಕ್ಕೆ?”

“ಕ್ಲೌಡ್ ಖರ್ಚು ಕಾಯೋ ಕೆಲಸಕ್ಕೆ. ಹೋದ ತಿಂಗಳು ಡಬಲ್ ಬಂದಿತ್ತು. ಈ ತಿಂಗಳು ಕೂದಲೆಳೆಯಷ್ಟು ದಾಟಿದೆ, ಅದೂ ನಮ್ಮದೇ ಎಡವಟ್ಟಿಂದ. ಲೆಕ್ಕ ಬರೆಯೋರು ಹೊರಗಡೆ ಸಿಗ್ತಾರೆ. ಹರಿಯೋವಾಗಲೇ ನೋಡೋರು ಬೇಕಲ್ಲ?”

ಯಜಮಾನರು ಅರ್ಜಿಯನ್ನು ಪೂರ್ತಿ ಓದಿದರು. ಅನುಭವ ಎಂಬ ಕಡೆ ‘ಒಂದು ತಿಂಗಳು’ ಎಂದು ಬರೆದಿತ್ತು. “ಈ ಕೆಲಸದ ಬಗ್ಗೆ ನನಗೇನೂ ತಿಳಿಯಲ್ಲ. ಇಂಟರ್‌ವ್ಯೂ ಇವರೇ ಮಾಡ್ಲಿ” ಎಂದು ಹಾಳೆಯನ್ನು ನನ್ನ ಕಡೆ ಸರಿಸಿದರು.

ಸೊಸೆಯಾಗಿ ಇಂಥ ಅವಕಾಶ ಯಾರಿಗೆ ಸಿಗುತ್ತದೆ. ಕುರ್ಚಿ ಎಳೆದುಕೊಂಡು ಕೂತೆ, ಅವರನ್ನೂ ಎದುರಿಗೆ ಕೂರಲು ಹೇಳಿದೆ.

“ವಯಸ್ಸು?”

“ಗೊತ್ತಿದ್ದೂ ಕೇಳಬೇಡ.”

“ಇಪ್ಪತ್ತೈದನೇ ತಾರೀಖು ಆದದ್ದು ಯಾರ ತಪ್ಪು?”

“ಕೇಳೋದಕ್ಕೂ ಕಾಸು ಬೀಳುತ್ತೆ ಅಂತ ಓದದೇ ಇದ್ದದ್ದು ನಿನ್ನ ತಪ್ಪು. ನಲವತ್ತೊಂದು ಸಹಿ ಬೇಕು ಅಂದದ್ದು ನನ್ನ ತಪ್ಪು.” ತಾವೇ ಮುಂದುವರಿದು, “ನನ್ನದು ದೊಡ್ಡದು” ಎಂದರು.

“ಮುಂದಿನ ತಿಂಗಳು ಹಲಗೆ ಮತ್ತೆ ಹಾಕಿದ್ರೆ ಎಷ್ಟು ಸಹಿ ಬೇಕು?”

ಅವರ ಕೈ ತುರುಬಿನ ಪೆನ್ಸಿಲು ಹುಡುಕಿತು, ಸಿಗಲಿಲ್ಲ, ಕೆಳಗಿಳಿಯಿತು.

“ಒಂದು ಸಾಕು.”

“ಒಂದೇ ಸಾಕಾ? ಆ ಒಬ್ಬರು ನೋಡದೇನೇ ನೋಡಿದೆ ಅಂದುಬಿಟ್ರೆ?”

“ಅನ್ನಲ್ಲ.”

“ಅಷ್ಟು ನಂಬಿಕೆ ಇರೋ ಆ ಸಹಿ ಯಾರದ್ದು?”

“ನಿನ್ನದು” ಎಂದರು ಅತ್ತೆ.

ಮುಂದೆ ಕೇಳಬೇಕೆಂದಿದ್ದ ಪ್ರಶ್ನೆಗಳೆಲ್ಲ ಮರೆತುಹೋದವು. ನಾನು ತಲೆ ತಗ್ಗಿಸಿಕೊಂಡು, ಅರ್ಜಿಯ ಕೆಳಗೆ ನನ್ನ ಹೆಸರು ಬರೆದು, ರಜೆ ಮುಗಿದ ದಿನದಿಂದ ಇವರು ಕೆಲಸಕ್ಕೆ ಬರಬಹುದು ಎಂದು ಯಜಮಾನರಿಗೆ ಹೇಳಿದೆ.